ಚಿಕ್ಕವನಿಗೂ ಆಂಟಿಬಾಡಿ ಟೆಸ್ಟ್ ಮಾಡಿಸಬೇಕಾ? ಅಧ್ಯಯನಕ್ಕೆ ಸೇರಿಸ್ತೀರಾ ಅಂತ ಕೇಳ್ತಿದ್ದಾರೆ

ಇಬ್ಬರಮ್ಮ | ಬೆಳಿಗ್ಗೆ 9:12
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹತ್ತು ವರ್ಷ, ಟೈಪ್ 1 ಡಯಾಬಿಟಿಸ್. ಇನ್ಸುಲಿನ್, ತೋಳಿಗೆ ಅಂಟಿಸಿ ಸಕ್ಕರೆ ನೋಡೋ ಸೆನ್ಸರ್, ರಾತ್ರಿ ಅಲಾರಂ ಎಲ್ಲ ಮನೆಯಲ್ಲಿ ರೂಢಿಯಾಗಿದೆ. ಈಗಿನ ತಲೆನೋವು ಅವಳದಲ್ಲ, ಆರು ವರ್ಷದ ಅವಳ ತಮ್ಮಂದು. ಕಳೆದ ಸಲ ಚೆಕಪ್‌ಗೆ ಹೋದಾಗ ಡಾಕ್ಟರು, "ಒಡಹುಟ್ಟಿದವರ ಮೇಲೆ ಒಂದು ಅಧ್ಯಯನ ನಡೀತಿದೆ, ಇವನ ರಕ್ತದಲ್ಲಿ ಈ ಕಾಯಿಲೆಯ ಮುನ್ಸೂಚನೆ ಕೊಡೋ ಆಂಟಿಬಾಡಿ ಇದೆಯಾ ನೋಡೋಣ್ವಾ?" ಅಂದ್ರು. ದಪ್ಪನೆಯ ಒಪ್ಪಿಗೆ ಪತ್ರ ಕೊಟ್ಟು ಓದಿಕೊಂಡು ಬನ್ನಿ ಅಂತ ಕಳಿಸಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಇದೆ ಅಂತ ಗೊತ್ತಾದ್ರೆ ಮಾಡೋದೇನು? ವಾಸಿ ಆಗೋ ಕಾಯಿಲೆ ಅಲ್ಲ ಅಂದಮೇಲೆ ಮುಂಚೆಯೇ ತಿಳ್ಕೊಂಡು ಕೊರಗೋದು ಯಾಕೆ ಅಂತ ಯಜಮಾನರು. ನನಗೆ ಎರಡು ಮನಸ್ಸು. ಈಗಲೂ ಅವನು ಒಂದು ಲೋಟ ನೀರು ಜಾಸ್ತಿ ಕುಡಿದ್ರೆ ಅಕ್ಕನ ಗ್ಲುಕೋಮೀಟರ್ ತಂದು ಅವನ ಬೆರಳು ಚುಚ್ಚಿ ನೋಡೋದು ನಾನೇ. ಮಾಡಿಸಿದವರು, ಬೇಡ ಅಂದವರು ಇಬ್ಬರೂ ಹೇಳಿ.

ರಾತ್ರಿಅಲಾರಂ | 9:20
ಮಾಡಿಸಿ. ಕಣ್ಣು ಮುಚ್ಕೊಂಡು ಮಾಡಿಸಿ. ನಮ್ಮ ಹುಡುಗನಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಐಸಿಯುನಲ್ಲಿ. ವಾಂತಿ, ಹೊಟ್ಟೆನೋವು, ಏದುಸಿರು. ಮೊದಲು ತೋರಿಸಿದ ಕಡೆ ಹೊಟ್ಟೆ ಇನ್ಫೆಕ್ಷನ್ ಅಂತ ಸಿರಪ್ ಬರೆದು ಕಳಿಸಿದ್ರು. ಮುಂಚೆಯೇ ಗೊತ್ತಿದ್ದಿದ್ರೆ ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರೋ ಅಪಾಯದ ಸ್ಥಿತಿ) ತನಕ ಹೋಗ್ತಿರಲಿಲ್ಲ.

ಸಂಶಯಪಿಶಾಚಿ | 9:31
ಒಪ್ಪಿಗೆ ಪತ್ರದ ವಿಷಯದಲ್ಲಿ "ಕಣ್ಣು ಮುಚ್ಕೊಂಡು" ಅನ್ನೋ ಮಾತೇ ಬರಬಾರದು ಸ್ವಾಮಿ. ಅದು ಚಿಕಿತ್ಸೆ ಅಲ್ಲ, ಅಧ್ಯಯನ. ಲಾಭ ಆದ್ರೆ ಮುಂದಿನ ಪೀಳಿಗೆಗೆ ಆಗಬಹುದು, ಸೂಜಿ ಮಾತ್ರ ಈ ಹುಡುಗನಿಗೆ. ಅಮ್ಮನವರ ಯಜಮಾನರು ಕೇಳಿದ್ರಲ್ಲಿ ತಪ್ಪೇನಿಲ್ಲ.

ಲ್ಯಾಬ್‌ಮೂಲೆ | 9:58
ನಾನು ಇದೇ ಕ್ಷೇತ್ರದ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ. ಗೊತ್ತಿರೋಷ್ಟು ಹೇಳ್ತೀನಿ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶಗಳ ಮೇಲೆ ತಿರುಗಿ ಬೀಳುತ್ತೆ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯೋದು ಇವೆಲ್ಲ ಕಾಣಿಸ್ಕೊಳ್ಳೋ ಹೊತ್ತಿಗೆ ಆ ಕೋಶಗಳಲ್ಲಿ ಬಹುಪಾಲು ಕೆಲಸ ನಿಲ್ಲಿಸಿರುತ್ತೆ. ಅದಕ್ಕೂ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಮುಂಚೆ ರಕ್ತದಲ್ಲಿ ಆಂಟಿಬಾಡಿ ಸಿಗುತ್ತೆ. ಮುಖ್ಯವಾಗಿ ನೋಡೋದು ನಾಲ್ಕು: ಇನ್ಸುಲಿನ್ ವಿರುದ್ಧದ್ದು, ಜಿಎಡಿ, ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8.

ಒಂದೇ ಇದ್ರೆ ಕಥೆ ಬೇರೆ, ಎರಡು ಇದ್ರೆ ಬೇರೆ. ಫಿನ್ಲೆಂಡ್, ಜರ್ಮನಿ, ಅಮೆರಿಕದ ಕೊಲೊರಾಡೊ, ಈ ಮೂರು ಕಡೆ ಹುಟ್ಟಿದಾಗಿನಿಂದ ಗಮನಿಸುತ್ತಾ ಬಂದ ಮಕ್ಕಳ ಲೆಕ್ಕವನ್ನ ಒಟ್ಟು ಹಾಕಿ 2013ರಲ್ಲಿ ಪ್ರಕಟಿಸಿದ್ರು. ಎರಡು ಅಥವಾ ಹೆಚ್ಚು ಆಂಟಿಬಾಡಿ ಇದ್ದ ಮಕ್ಕಳಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಡಯಾಬಿಟಿಸ್ ಬಂದಿತ್ತು. ಒಂದೇ ಇದ್ದವರಲ್ಲಿ ನೂರಕ್ಕೆ 15ರ ಹತ್ತಿರ. ಅದಕ್ಕೇ ಎರಡು ಬಂತು ಅಂದ್ರೆ ಈಗ "ಅಪಾಯ ಇದೆ" ಅನ್ನಲ್ಲ, ಸಕ್ಕರೆ ನಾರ್ಮಲ್ ಇದ್ರೂ "ಸ್ಟೇಜ್ 1" ಅಂತಲೇ ಬರೀತಾರೆ. ಸಕ್ಕರೆ ಏರುಪೇರು ಶುರುವಾದ್ರೆ ಸ್ಟೇಜ್ 2. ನಾವೆಲ್ಲ ಡಯಾಬಿಟಿಸ್ ಅನ್ನೋದು ಸ್ಟೇಜ್ 3.

ಇನ್ನೊಂದು ಮಾತು. ಒಡಹುಟ್ಟಿದವರಲ್ಲಿ ಮುಂದೆ ಯಾವತ್ತಾದ್ರೂ ಬರೋದು ನೂರಕ್ಕೆ ಐದಾರು ಮಂದಿಗೆ. ಬೇರೆಯವರಿಗಿಂತ ಜಾಸ್ತಿ ನಿಜ. ಆದ್ರೂ ನಿಮ್ಮ ಮಗನ ರಿಪೋರ್ಟ್ ನೆಗೆಟಿವ್ ಬರೋ ಸಾಧ್ಯತೆಯೇ ಹೆಚ್ಚು.

ಇಬ್ಬರಮ್ಮ | 10:05
ನೂರಕ್ಕೆ ಐದಾರು ಅಂದ್ರಾ? ನಾನು ಮನಸ್ಸಲ್ಲಿ ಅರ್ಧಕ್ಕರ್ಧ ಅಂದ್ಕೊಂಡು ಕೂತಿದ್ದೆ.

ಸಿಹಿಕಹಿ | 10:11
ಹೆಚ್ಚಿನ ತಂದೆ ತಾಯಿ ಹಂಗೇ ಅಂದ್ಕೊಂಡಿರ್ತಾರೆ ಅಕ್ಕ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಬಂದೇ ಬರುತ್ತೆ ಅಂತಿಲ್ಲ. ಹೊಸದಾಗಿ ಟೈಪ್ 1 ಬಂದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಜನರ ಮನೇಲಿ ಹಿಂದೆ ಯಾರಿಗೂ ಇರಲ್ಲ. ನಮ್ಮ ಮನೇಲೂ ನಾನೇ ಮೊದಲು. ಎಂಟನೇ ವಯಸ್ಸಿಂದ ಇನ್ಸುಲಿನ್ ಮೇಲಿದ್ದೀನಿ, ಈಗ ತಲೆಗೂದಲು ನೆರೀತಿದೆ.

ಬೇರುನಾರು | 10:19
ಆಸ್ಪತ್ರೆಯವರ ಮಾತು ಕೇಳ್ಬೇಡಿ. ನಮಗೆ ಗೊತ್ತಿರೋ ಒಬ್ಬರು ಕಷಾಯ ಕೊಡ್ತಾರೆ. ಇನ್ಸುಲಿನ್ ಶುರು ಮಾಡಿ ಎರಡು ತಿಂಗಳಾಗಿದ್ದ ಮಗುಗೆ ಡೋಸ್ ಕಾಲು ಭಾಗಕ್ಕೆ ಇಳೀತು. ಕಣ್ಣಾರೆ ಕಂಡಿದ್ದೀನಿ.

ಸಿಹಿಕಹಿ | 10:24
ಕಂಡಿರ್ತೀರಿ. ಅದು ಕಷಾಯದ್ದಲ್ಲ, ಹನಿಮೂನ್ ಪೀರಿಯಡ್‌ದು. ಹೊರಗಿಂದ ಇನ್ಸುಲಿನ್ ಸಿಕ್ಕಿ ಸಕ್ಕರೆ ಹತೋಟಿಗೆ ಬಂದ್ಮೇಲೆ, ಉಳಿದಿರೋ ಬೀಟಾ ಕೋಶಗಳು ಸ್ವಲ್ಪ ದಿನ ಚೇತರಿಸ್ಕೊಂಡು ಕೆಲಸ ಮಾಡ್ತವೆ. ಡೋಸ್ ತಾನಾಗೇ ಇಳಿಯುತ್ತೆ. ಕೆಲವು ವಾರ, ಕೆಲವು ತಿಂಗಳು, ಆಮೇಲೆ ಮತ್ತೆ ಏರುತ್ತೆ. ಕಷಾಯದವರು ಸರಿಯಾಗಿ ಆ ಹೊತ್ತಿಗೇ ಮನೆಗೆ ಬರ್ತಾರೆ, ಹೆಸರು ಅವರಿಗೆ ಹೋಗುತ್ತೆ. ಅದನ್ನ ನಂಬಿ ಇನ್ಸುಲಿನ್ ನಿಲ್ಲಿಸಿದ ಮಕ್ಕಳು ವಾಪಸ್ ಬರೋದು ಸ್ಟ್ರೆಚರ್ ಮೇಲೆ.

1922ರ ಜನವರಿಗೂ ಮುಂಚೆ ಈ ಕಾಯಿಲೆ ಬಂದ ಮಕ್ಕಳಿಗಿದ್ದ ಚಿಕಿತ್ಸೆ ಅಂದ್ರೆ ಉಪವಾಸ. ಟೊರೊಂಟೊದಲ್ಲಿ ಲೆನರ್ಡ್ ಥಾಂಪ್ಸನ್ ಅನ್ನೋ 14ರ ಹುಡುಗನಿಗೆ ಇನ್ಸುಲಿನ್‌ನ ಮೊದಲ ಇಂಜೆಕ್ಷನ್ ಕೊಟ್ಟಾಗ ಅದು ಶುದ್ಧ ಇರಲಿಲ್ಲ, ಚುಚ್ಚಿದ ಜಾಗ ಬಾತ್ಕೊಂಡು ನಿಲ್ಲಿಸಬೇಕಾಯ್ತು. ಕಾಲಿಪ್ ಅನ್ನೋ ವಿಜ್ಞಾನಿ ಅದನ್ನ ಇನ್ನಷ್ಟು ಶುದ್ಧ ಮಾಡಿಕೊಟ್ಟ ಮೇಲೆ, ಹನ್ನೆರಡು ದಿನ ಬಿಟ್ಟು ಮತ್ತೆ ಕೊಟ್ಟರು. ಸಕ್ಕರೆ ಇಳೀತು. ಅವನೂ ಒಂದು ಅಧ್ಯಯನದಲ್ಲಿದ್ದ ಮಗುವೇ ಅನ್ನೋದು ನೆನಪಿರಲಿ.

ನಿರ್ವಾಹಕ | 10:26
@ಬೇರುನಾರು, ಇನ್ಸುಲಿನ್ ಬಿಡಿಸೋ ಸಲಹೆಗೆ ಇಲ್ಲಿ ಜಾಗ ಇಲ್ಲ. ಮುಂದಿನ ಸಲ ಪೋಸ್ಟ್ ತೆಗೆದುಹಾಕ್ತೀವಿ.

ಸಂಶಯಪಿಶಾಚಿ | 10:40
ಕಷಾಯದವರಿಗೆ ಉಗಿಯೋದು ಸುಲಭ. ವಿಜ್ಞಾನದವರ ಸೋಲುಗಳನ್ನೂ ಸ್ವಲ್ಪ ಹೇಳಿ. ತಡೀತೀವಿ ತಡೀತೀವಿ ಅಂತ ಎಷ್ಟು ವರ್ಷದಿಂದ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದಾರೆ?

ಲ್ಯಾಬ್‌ಮೂಲೆ | 11:02
ಹೇಳ್ತೀನಿ, ಮುಚ್ಚಿಡೋದೇನಿಲ್ಲ. ಮುಂಚೆಯೇ ಕಡಿಮೆ ಡೋಸ್ ಇನ್ಸುಲಿನ್ ಇಂಜೆಕ್ಷನ್ ಕೊಟ್ರೆ ತಡೀಬಹುದಾ ಅಂತ ಅಮೆರಿಕದಲ್ಲಿ ನೋಡಿದ್ರು. 2002ರಲ್ಲಿ ಫಲಿತಾಂಶ ಬಂತು, ತಡೀಲಿಲ್ಲ. ನಿಕೊಟಿನಮೈಡ್ ಅನ್ನೋ ವಿಟಮಿನ್, 2004, ಅದೂ ಇಲ್ಲ. ಶಿಶುಗಳಿಗೆ ಹಸುವಿನ ಹಾಲಿನ ಪ್ರೋಟೀನನ್ನ ಚೂರುಚೂರು ಮಾಡಿದ ವಿಶೇಷ ಫಾರ್ಮುಲಾ ಕೊಟ್ಟು ನೋಡಿದ ಟ್ರಿಗರ್ ಅಧ್ಯಯನದಲ್ಲಿ 2,159 ಮಕ್ಕಳಿದ್ರು. ವರ್ಷಗಟ್ಟಲೆ ಕಾದು 2018ರಲ್ಲಿ ಬಂದ ಉತ್ತರ: ವ್ಯತ್ಯಾಸ ಇಲ್ಲ.

ಅದು ಸೋಲು ಅಂತ ನೀವು ಅಂತೀರಿ. ಎರಡು ಸಾವಿರ ಮನೆಯವರು ಸಹಕರಿಸಿದ್ರಿಂದಲೇ "ನಾನು ಆ ಹಾಲು ಕೊಟ್ಟಿದ್ದಕ್ಕೇ ಹಿಂಗಾಯ್ತಾ" ಅಂತ ಕೊರಗೋ ತಾಯಂದಿರಿಗೆ ಇವತ್ತು ಒಂದು ಉತ್ತರ ಇದೆ.

ಇನ್ನು ಗೆದ್ದದ್ದು. ಟೆಪ್ಲಿಝುಮ್ಯಾಬ್. ಸ್ಟೇಜ್ 2ರಲ್ಲಿದ್ದ 76 ಜನರ ಮೇಲೆ, ದಿನಕ್ಕೊಂದರಂತೆ ಎರಡು ವಾರ ಡ್ರಿಪ್. 2019ರ ಫಲಿತಾಂಶದಲ್ಲಿ ಔಷಧ ಸಿಕ್ಕವರಿಗೆ ಡಯಾಬಿಟಿಸ್ ಬರೋದು ಸರಾಸರಿ ಎರಡು ವರ್ಷ ಮುಂದಕ್ಕೆ ಹೋಯ್ತು. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 8 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಡ್ತು. ಕಾಯಿಲೆಯನ್ನ ಮುಂದೂಡೋ ಮೊದಲ ಔಷಧ ಅದು.

ಸಂಶಯಪಿಶಾಚಿ | 11:09
ಎರಡು ವರ್ಷ. ಅಷ್ಟಕ್ಕೆ ರೋಗನಿರೋಧಕ ಶಕ್ತಿಗೇ ಕೈ ಹಾಕೋ ಔಷಧ. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಇಳಿಯುತ್ತೆ ಅನ್ನೋದನ್ನೂ ಬರೀರಿ.

ಲ್ಯಾಬ್‌ಮೂಲೆ | 11:13
ಇಳಿಯುತ್ತೆ, ಹೆಚ್ಚಿನವರಲ್ಲಿ ಮತ್ತೆ ಏರುತ್ತೆ. ಮೈಮೇಲೆ ದದ್ದು, ತಲೆನೋವು ಕೂಡ ಕಂಡಿದೆ.

ರಾತ್ರಿಅಲಾರಂ | 11:15
ಎರಡು ವರ್ಷ ಅಂತ ಮೂಗು ಮುರಿಯೋರು ಒಂದೇ ಒಂದು ರಾತ್ರಿ ನಮ್ಮ ಮನೇಲಿ ಮಲಗಿ ನೋಡಿ. ಎರಡೂವರೆಗೆ ಸೆನ್ಸರ್ ಕೂಗುತ್ತೆ, ಸಕ್ಕರೆ 58ಕ್ಕೆ ಇಳಿದಿದೆ. ನಿದ್ದೆಗಣ್ಣಲ್ಲೇ ಹುಡುಗನ ಬಾಯಿಗೆ ಜ್ಯೂಸ್ ಸ್ಟ್ರಾ ಇಟ್ಟು, ನುಂಗಿದನಾ ಅಂತ ಗಂಟಲ ಮೇಲೆ ಬೆರಳಿಟ್ಟು ನೋಡಿ, ಹದಿನೈದು ನಿಮಿಷ ಕೂತು, ಮತ್ತೆ ನೋಡಿದ್ರೆ 64. ಇನ್ನೊಂಚೂರು ಜ್ಯೂಸ್. ಮಲಗಿದ್ಮೇಲೆ ಬೆಳಗಿನ ಜಾವ 260 ಅಂತ ಇನ್ನೊಂದು ಅಲಾರಂ. ಆರು ವರ್ಷದಲ್ಲಿ ಬರೋದು ಎಂಟಕ್ಕೆ ಬಂದ್ರೆ, ಮಗು ಆಗ "ಅಪ್ಪ ಕೈ ನಡುಗ್ತಿದೆ" ಅಂತ ಬಾಯಿಬಿಟ್ಟು ಹೇಳುತ್ತೆ. ಅದಕ್ಕೆ ನೀವು ಬೆಲೆ ಕಟ್ಟೋಕಾಗಲ್ಲ.

ಹದಿನಾರರಪ್ಪ | 11:34
ಇಲ್ಲೆಲ್ಲಾ ಬರೇ ಟೈಪ್ 1ದ್ದೇ ಮಾತು ನಡದೈತಿ. ನನ್ನ ಮಗಗ ಟೈಪ್ 2, ವಯಸ್ಸು ಹದಿನಾರು. ಎಲ್ಲಿ ಹೋದ್ರೂ ಮೊದಲ ಪ್ರಶ್ನೆ "ಏನ್ರೀ ಹುಡುಗಗ ಏನೇನು ತಿನ್ನಾಕ ಕೊಟ್ರಿ?" ಟೈಪ್ 1 ಆದ್ರ ಅಯ್ಯೋ ಪಾಪ, ಟೈಪ್ 2 ಆದ್ರ ನಿಮ್ಮ ತಪ್ಪು. ಸಂಶೋಧನಾ ಮಾಡೋರೂ ಹಂಗ ನೋಡ್ತಾರೇನು?

ಸಿಹಿಕಹಿ | 11:41
ಇಲ್ಲ ಅಣ್ಣ, ಈ ಮಾತು ಇಲ್ಲಿ ಬರಲೇಬೇಕಿತ್ತು. ಒಳ್ಳೇದಾಯ್ತು ಬರೆದಿದ್ದು.

ಲ್ಯಾಬ್‌ಮೂಲೆ | 12:10
ಮಕ್ಕಳ ಟೈಪ್ 2 ದೊಡ್ಡವರ ಟೈಪ್ 2ಕ್ಕಿಂತ ಜೋರು. ಇದನ್ನ ಚೆನ್ನಾಗಿ ತೋರಿಸಿದ್ದು ಅಮೆರಿಕದ ಟುಡೇ ಅಧ್ಯಯನ. 10ರಿಂದ 17 ವಯಸ್ಸಿನ 699 ಮಕ್ಕಳು, ಮೂರು ಗುಂಪು. ಬರೀ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಸಾಲದೇ ಹೋಯ್ತು. ಮೆಟ್‌ಫಾರ್ಮಿನ್ ಜೊತೆಗೆ ಊಟ, ವ್ಯಾಯಾಮದ ತರಬೇತಿ ಕೊಟ್ಟ ಗುಂಪೂ ಬರೀ ಮಾತ್ರೆಯವರಿಗಿಂತ ಹೇಳಿಕೊಳ್ಳೋ ಅಷ್ಟು ಮುಂದೆ ಹೋಗಲಿಲ್ಲ. ಅಂದ್ರೆ "ಓಡಾಡು, ಬಾಯಿ ಕಟ್ಟು" ಅಂತ ಬೈದು ಕೂರಿಸಿದ್ರೆ ಸರಿಹೋಗೋ ಕಾಯಿಲೆ ಅಲ್ಲ. ಅದೇ ಮಕ್ಕಳನ್ನ ಸರಾಸರಿ 26 ವರ್ಷ ಆಗೋ ತನಕ ಗಮನಿಸಿದಾಗ ನೂರಕ್ಕೆ 60 ಮಂದಿಗೆ ಕಿಡ್ನಿ, ಕಣ್ಣು, ನರ ಇವುಗಳಲ್ಲಿ ಒಂದಾದ್ರೂ ತೊಂದರೆ ಶುರುವಾಗಿತ್ತು.

ಹೆದರಿಸೋಕೆ ಹೇಳ್ತಿಲ್ಲ. ಕಿಡ್ನಿ ಸ್ಥಿತಿ ತಿಳಿಸೋ ಮೂತ್ರದ ಆಲ್ಬುಮಿನ್ (ಪ್ರೋಟೀನ್), ಕಣ್ಣಿನ ರೆಟಿನಾ ಪರೀಕ್ಷೆ ಟೈಪ್ 2 ಮಕ್ಕಳಲ್ಲಿ ಗೊತ್ತಾದ ಕೂಡಲೇ ಶುರು ಆಗಬೇಕು. ಮಾಡಿಸಿದ್ದೀರಾ? 2019ರಿಂದ 10 ವರ್ಷ ಮೇಲ್ಪಟ್ಟವರಿಗೆ ಲಿರಾಗ್ಲುಟೈಡ್ ಇಂಜೆಕ್ಷನ್‌ಗೂ ಎಫ್‌ಡಿಎ ಒಪ್ಪಿಗೆ ಇದೆ, ಡಾಕ್ಟರ ಹತ್ರ ಕೇಳಿ ನೋಡಿ.

ಹದಿನಾರರಪ್ಪ | 12:18
ಕಣ್ಣಿಂದು ಮಾಡ್ಸೀನಿ, ಮೂತ್ರದ್ದು ಯಾರೂ ಹೇಳಿಲ್ರಿ. ಈ ವಾರನ ಕೇಳ್ತೀನಿ.

ಮಾತ್ರೆಮರಿ | 12:25
ವಿಷಯಕ್ಕೆ ಸ್ವಲ್ಪ ಪಕ್ಕದ್ದು, ಆದ್ರೂ ಹೇಳಲೇಬೇಕು ಮಾರಾಯ್ರೆ. ನಮ್ಮ ಮಗುವಿಗೆ ಎರಡು ತಿಂಗಳಲ್ಲೇ ಡಯಾಬಿಟಿಸ್. ಎಲ್ಲರೂ ಟೈಪ್ 1 ಅಂತಲೇ ಇನ್ಸುಲಿನ್ ಕೊಟ್ಟರು. ಅಷ್ಟು ಚಿಕ್ಕ ಮೈಗೆ ಅರ್ಧ ಯೂನಿಟ್ ಕೂಡ ಜಾಸ್ತಿ ಆಗ್ತಿತ್ತು. ಆಮೇಲೆ ಒಬ್ಬ ಡಾಕ್ಟರು ಜೀನ್ ಪರೀಕ್ಷೆಗೆ ಕಳಿಸಿದರು. ಕೆಸಿಎನ್‌ಜೆ11 ಅನ್ನುವ ಜೀನ್‌ನಲ್ಲಿ ದೋಷ. ಈಗ ಇನ್ಸುಲಿನ್ ಇಲ್ಲ, ಗ್ಲಿಬೆನ್‌ಕ್ಲಮೈಡ್ ಮಾತ್ರೆ ಪುಡಿಮಾಡಿ ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕುವುದು ಮಾತ್ರ.

ಇಬ್ಬರಮ್ಮ | 12:29
ಮಾತ್ರೆಯಲ್ಲಿ ಸರಿಹೋಯ್ತಾ? ನಮ್ಮ ಮಗಳಿಗೂ ಕೇಳಬಹುದಾ ಹಾಗಾದ್ರೆ?

ಲ್ಯಾಬ್‌ಮೂಲೆ | 12:37
ಮಗಳಿಗೆ ಆಂಟಿಬಾಡಿ ಪಾಸಿಟಿವ್ ಇದ್ರೆ ಅದು ಅನ್ವಯಿಸಲ್ಲ ಅಕ್ಕ. ಇದು ಬೇರೆಯೇ ಕಾಯಿಲೆ. ಬೀಟಾ ಕೋಶ ಜೀವಂತ ಇರುತ್ತೆ, ಇನ್ಸುಲಿನ್ ಹೊರಗೆ ಬರಬೇಕಾದ್ರೆ ಕೋಶದ ಪೊಟ್ಯಾಶಿಯಂ ಬಾಗಿಲು ಮುಚ್ಚಬೇಕು, ಅದು ಮುಚ್ಚದೆ ತೆರೆದೇ ನಿಂತಿರುತ್ತೆ. ಆ ಮಾತ್ರೆ ಬಾಗಿಲನ್ನ ಬೇರೆ ದಾರಿಯಿಂದ ಮುಚ್ಚಿಸುತ್ತೆ. ಜೀನ್ ದೋಷ ಪತ್ತೆ ಆಗಿದ್ದು 2004ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್ ತಂಡದಿಂದ. ಎರಡೇ ವರ್ಷಕ್ಕೆ, 2006ರಲ್ಲಿ, 49 ಜನರಲ್ಲಿ 44 ಮಂದಿ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬಂದ ಫಲಿತಾಂಶ ಪ್ರಕಟ ಆಯ್ತು. ಆರು ತಿಂಗಳೊಳಗೆ ಡಯಾಬಿಟಿಸ್ ಬಂದ ಯಾವ ಮಗುವಿಗಾದ್ರೂ ಜೀನ್ ಪರೀಕ್ಷೆ ಆಗಲೇಬೇಕು ಅಂತ ಈಗ ಮಾರ್ಗಸೂಚಿಯೇ ಇದೆ, ಈಗ ಆ ಮಗು ದೊಡ್ಡದಾಗಿದ್ರೂ ಸರಿ.

ಎತ್ತರಎಷ್ಟು | 12:50
ಹಾರ್ಮೋನ್ ಗೊತ್ತಿರೋರು ಇಷ್ಟು ಜನ ಇದ್ದೀರಲ್ಲ, ನನ್ನದೂ ಒಂದು ಪ್ರಶ್ನೆ. ಮಗ ಕ್ಲಾಸಲ್ಲಿ ಎಲ್ಲರಿಗಿಂತ ಗಿಡ್ಡ. ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಹಾಕಿಸಿದ್ರೆ ಆರಡಿ ಆಗ್ತಾನಾ?

ಸಂಶಯಪಿಶಾಚಿ | 12:52
ಅಪ್ಪ ಅಮ್ಮ ಎಷ್ಟಡಿ?

ಎತ್ತರಎಷ್ಟು | 12:53
ಐದು ಎರಡು, ನಾಲ್ಕು ಹನ್ನೊಂದು.

ಸಂಶಯಪಿಶಾಚಿ | 12:54
ಪ್ರಶ್ನೆಗೆ ಉತ್ತರ ನೀವೇ ಕೊಟ್ಟಿರಿ 🙏

ಉಪ್ಪುಹುಡುಗಿಅಮ್ಮ | 1:15
ತಮಾಷೆ ಇರಲಿ, ಗಿಡ್ಡ ಅಂತ ಸುಮ್ಮನೆ ಬಿಡೋದೂ ಬೇಡ. ವರ್ಷಕ್ಕೆ ಎಷ್ಟು ಸೆಂಟಿಮೀಟರ್ ಬೆಳೀತಿದ್ದಾನೆ ಅನ್ನೋದು ಮುಖ್ಯ, ಕ್ಲಾಸಲ್ಲಿ ಎಷ್ಟನೇ ಸಾಲು ಅನ್ನೋದಲ್ಲ. ಎಡಗೈ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡ್ತಾರೆ, ಥೈರಾಯ್ಡ್ ನೋಡ್ತಾರೆ. ಹಾರ್ಮೋನ್ ಕೊರತೆ ನಿಜವಾಗ್ಲೂ ಇದ್ರೆ ಇಂಜೆಕ್ಷನ್ ತುಂಬ ಕೆಲಸ ಮಾಡುತ್ತೆ, ಇಲ್ಲದಿದ್ರೆ ವರ್ಷಗಟ್ಟಲೆ ಚುಚ್ಚಿ ಸಿಗೋದು ಕೆಲವೇ ಸೆಂಟಿಮೀಟರ್. ಹಿಂದೆ ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ಈ ಹಾರ್ಮೋನ್ ತೆಗೀತಿದ್ರು. ಅದನ್ನ ಪಡೆದ ಕೆಲವರಿಗೆ ವರ್ಷಗಳ ನಂತರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನೋ ಮಾರಕ ಮೆದುಳಿನ ಕಾಯಿಲೆ ಬಂತು. 1985ರಲ್ಲಿ ಅಮೆರಿಕದಲ್ಲಿ ಅದನ್ನ ನಿಲ್ಲಿಸಿ, ಅದೇ ವರ್ಷ ಲ್ಯಾಬ್‌ನಲ್ಲಿ ತಯಾರಿಸಿದ್ದಕ್ಕೆ ಒಪ್ಪಿಗೆ ಕೊಟ್ರು. ಈಗಿನದ್ದಕ್ಕೆ ಆ ಭಯ ಇಲ್ಲ.

ಮೂಲ ಪ್ರಶ್ನೆಗೂ ನನ್ನದೊಂದು ಮಾತಿದೆ. ನನ್ನ ಮಗಳಿಗೆ ಸಿಎಎಚ್ ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ, ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸಾಲ್ ತಯಾರಾಗಲ್ಲ, ಉಪ್ಪು ನಿಲ್ಲಲ್ಲ. ಹುಟ್ಟಿದ ಮೂರನೇ ದಿನ ಹಿಮ್ಮಡಿ ಚುಚ್ಚಿ ತೆಗೆದ ಒಂದು ಹನಿ ರಕ್ತದಲ್ಲಿ ಸಿಕ್ಕಿಬಿತ್ತು. ಸಿಗದಿದ್ರೆ ಎರಡನೇ ವಾರಕ್ಕೆ ವಾಂತಿ ಶುರುವಾಗಿ ಮಗು ಕೈಬಿಟ್ಟು ಹೋಗ್ತಿತ್ತು. ಹುಟ್ಟಿನಿಂದ ಬರೋ ಥೈರಾಯ್ಡ್ ಕೊರತೆಯೂ ಹಂಗೇ, ಎರಡು ವಾರದೊಳಗೆ ಮಾತ್ರೆ ಶುರುವಾದ್ರೆ ಮಗು ಎಲ್ಲರಂಗೇ ಬುದ್ಧಿವಂತ ಆಗುತ್ತೆ, ತಡ ಆದ್ರೆ ಮೆದುಳಿಗೆ ಪೆಟ್ಟು. ಮುಂಚೆ ತಿಳಿಯೋದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮಗಳ ಫೋಟೋ ತೋರಿಸ್ತೀನಿ.

ಸಂಶಯಪಿಶಾಚಿ | 1:28
ನಿಮ್ಮ ಮಾತಿಗೆ ಕೈ ಮುಗೀತೀನಿ, ಆದ್ರೆ ಎರಡೂ ಒಂದೇ ಅಲ್ಲ. ನಿಮ್ಮಲ್ಲಿ ಗೊತ್ತಾದ ದಿನವೇ ಕೊಡೋಕೆ ಹೈಡ್ರೋಕಾರ್ಟಿಸೋನ್ ಔಷಧ ಇತ್ತು. ಆರು ವರ್ಷದ ಈ ಹುಡುಗನಿಗೆ ನಾಳೆ ಎರಡು ಆಂಟಿಬಾಡಿ ಬಂತು ಅಂದ್ಕೊಳ್ಳಿ. 2022ರಲ್ಲಿ ಟೆಪ್ಲಿಝುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿದ್ದು 8 ವರ್ಷ ಮೇಲ್ಪಟ್ಟವರಿಗೆ. ಮನೇಲಿ ಏನು ಬದಲಾಗುತ್ತೆ? ಅಮ್ಮ ಈಗ ವಾರಕ್ಕೊಂದ್ಸಲ ಬೆರಳು ಚುಚ್ತಿದ್ದಾರೆ, ಆಮೇಲೆ ದಿನಾ ಚುಚ್ತಾರೆ.

ರಾತ್ರಿಅಲಾರಂ | 1:33
ಐಸಿಯು ತಪ್ಪುತ್ತೆ ಅಂತ ಆಗ್ಲೇ ಹೇಳಿದ್ನಲ್ಲ!

ಲ್ಯಾಬ್‌ಮೂಲೆ | 1:50
ರಾತ್ರಿಅಲಾರಂ ಅವರ ಮಾತಿಗೆ ಆಧಾರ ಇದೆ. ಜರ್ಮನಿಯ ಬವೇರಿಯಾದಲ್ಲಿ 2015ರಿಂದ, ಮನೇಲಿ ಯಾರಿಗೂ ಇಲ್ಲದ ಸಾಮಾನ್ಯ ಮಕ್ಕಳನ್ನೂ ಹೀಗೆ ಪರೀಕ್ಷೆ ಮಾಡ್ತಿದ್ದಾರೆ. ಮೊದಲೇ ಪತ್ತೆ ಆದ ಮಕ್ಕಳು ಕೀಟೋಆಸಿಡೋಸಿಸ್‌ನಲ್ಲಿ ಬಂದು ಬೀಳೋದು ತುಂಬ ಕಮ್ಮಿ. ಇಟಲಿ 2023ರಲ್ಲಿ ಮಕ್ಕಳಿಗೆ ಟೈಪ್ 1 ಮತ್ತು ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟೆನ್ ಒಗ್ಗದ ಕಾಯಿಲೆ) ಸ್ಕ್ರೀನಿಂಗ್ ಮಾಡಬೇಕು ಅಂತ ಕಾನೂನನ್ನೇ ತಂತು. ಸಂಶಯಪಿಶಾಚಿ ಹೇಳಿದ ಆತಂಕವೂ ಸುಳ್ಳಲ್ಲ. ಪಾಸಿಟಿವ್ ಬಂದ ಮನೆಗಳಲ್ಲಿ ಅದರಲ್ಲೂ ತಾಯಂದಿರಿಗೆ ಒತ್ತಡ ಏರುತ್ತೆ, ಅದನ್ನೂ ಅಳೆದಿದ್ದಾರೆ. ಕೌನ್ಸೆಲಿಂಗ್ ಇಲ್ಲದ ಅಧ್ಯಯನ ಆದ್ರೆ ನಾನೇ ಬೇಡ ಅಂತೀನಿ.

ಸಿಹಿಕಹಿ | 2:14
ಚಿಕ್ಕಂದಿನಲ್ಲಿ ಇಂಥ ಒಂದು ಅಧ್ಯಯನದಲ್ಲಿ ನಾನೂ ಇದ್ದೆ, ಮಗುವಿನ ಕಡೆಯಿಂದ ಹೇಳ್ತೀನಿ. ಸಿ-ಪೆಪ್ಟೈಡ್ (ದೇಹ ತಾನೇ ಇನ್ಸುಲಿನ್ ತಯಾರಿಸೋವಾಗ ಜೊತೆಗೆ ಬರೋ ವಸ್ತು) ಎಷ್ಟು ಉಳಿದಿದೆ ಅಂತ ನೋಡೋಕೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗೋರು. ಕೈಗೆ ಒಂದು ಕ್ಯಾನುಲಾ, ಕುಡಿಯೋಕೆ ಬೆಚ್ಚಗಾದ ಸಿಹಿ ಡ್ರಿಂಕ್, ಆಮೇಲೆ ಅರ್ಧರ್ಧ ಗಂಟೆಗೆ ರಕ್ತ, ಎರಡು ಗಂಟೆ ಹೊತ್ತು. ಚುಚ್ಚೋದು ಒಂದೇ ಸಲ, ನೋವಿನ ನೆನಪಿಲ್ಲ. ನೆನಪಿರೋದು ಯಾರೂ ನನ್ನನ್ನ ಏನೂ ಕೇಳಲಿಲ್ಲ ಅನ್ನೋದು. ಅಪ್ಪ ಸಹಿ ಹಾಕಿದ್ರು, ನಾನು ಕೈ ಚಾಚಿದೆ. ಈಗ ಹಂಗಲ್ಲ. ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿಂದ ಮಗುವಿನ ಒಪ್ಪಿಗೆಯನ್ನೂ ಕೇಳ್ತಾರೆ. ನಿಮ್ಮವನಿಗೆ ಆರೇ ಆದ್ರೂ ಕೇಳಿ ಅಕ್ಕ. ಮರಗಟ್ಟಿಸೋ ಕ್ರೀಮ್ ಹಚ್ಚೋಕೂ ಹೇಳಿ, ಸುಮಾರು ಒಂದು ಗಂಟೆ ಮುಂಚೆ.

ಇಬ್ಬರಮ್ಮ | 2:40
ನಿಮ್ಮ ಮಾತು ಓದಿ ಈಗಷ್ಟೇ ಅವನನ್ನ ಕೇಳಿದೆ. "ನನಗೂ ಅಕ್ಕನ ಥರ ತೋಳಿಗೆ ಸ್ಟಿಕ್ಕರ್ ಹಾಕ್ತಾರಾ?" ಅಂದ. ಇಲ್ಲ, ಬರೀ ರಕ್ತ ತಗೊಳ್ತಾರೆ ಅಂದೆ. "ಹಂಗಾದ್ರೆ ಬೇಡ" ಅಂದ!! ಅವಳಿಗೆ ಸೆನ್ಸರ್ ಇದೆ, ಅವಳಿಗೆ ಜ್ಯೂಸ್ ಕೊಡ್ತೀರಿ, ನನಗೆ ಮಾತ್ರ ಏನಿಲ್ಲ ಅನ್ನೋ ಹೊಟ್ಟೆಕಿಚ್ಚು ಮೊದಲಿಂದ ಇದೆ.

ಉಪ್ಪುಹುಡುಗಿಅಮ್ಮ | 2:44
ನಮ್ಮ ದೊಡ್ಡವನು ತಂಗಿಯ ಮಾತ್ರೆ ನನಗೂ ಬೇಕು ಅಂತ ನೆಲದ ಮೇಲೆ ಬಿದ್ದು ಹೊರಳಾಡಿದ್ದಾನೆ. ಹುಷಾರಿಲ್ಲದ ಮಗುವಿನ ಮನೇಲಿ ಹುಷಾರಾಗಿರೋ ಮಗುವಿನ ಪಾಡು ಯಾವ ಅಧ್ಯಯನದಲ್ಲೂ ಬರಲ್ಲ ನೋಡಿ.

ಹದಿನಾರರಪ್ಪ | 2:51
ಖರೇ ಮಾತು.

ಸಂಶಯಪಿಶಾಚಿ | 3:05
ಆಯ್ತು, ಮಾಡಿಸೋದಾದ್ರೆ ಪತ್ರದಲ್ಲಿ ಇಷ್ಟು ಹುಡುಕಿ. ಫಲಿತಾಂಶ ನಿಮಗೆ ಹೇಳ್ತಾರಾ, ಅವರ ಹತ್ರವೇ ಇಟ್ಕೊಳ್ತಾರಾ? ಪಾಸಿಟಿವ್ ಬಂದ್ರೆ ಮುಂದೆ ಯಾರು ನೋಡ್ಕೊಳ್ತಾರೆ? ಎಷ್ಟು ತಿಂಗಳಿಗೊಮ್ಮೆ ಕರೀತಾರೆ? ಮಧ್ಯದಲ್ಲಿ ಬಿಟ್ರೆ ಮಗಳ ಚಿಕಿತ್ಸೆಗೆ ಏನಾದ್ರೂ ತೊಂದರೆ ಆಗುತ್ತಾ? ಆಗಬಾರದು, ಬರವಣಿಗೆಯಲ್ಲಿ ಇರಬೇಕು. ಉಳಿದ ರಕ್ತವನ್ನ ಫ್ರೀಜರ್‌ನಲ್ಲಿಟ್ಟು ಮುಂದೆ ಬೇರೆ ಸಂಶೋಧನೆಗೆ, ಜೀನ್ ಪರೀಕ್ಷೆಗೆ ಬಳಸ್ತಾರಾ? ಇನ್ಶೂರೆನ್ಸ್‌ನವರ ಕೈಗೆ ಹೆಸರಿನ ಸಮೇತ ಹೋಗುತ್ತಾ? ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಪತ್ರದಲ್ಲಿ ಇದೆಯಾ?

ಲ್ಯಾಬ್‌ಮೂಲೆ | 3:12
ಬೆಳಿಗ್ಗೆಯಿಂದ ಜಗಳ ಆಡಿದ್ರೂ ಈ ಪಟ್ಟಿಗೆ ನಾನೂ ಸಹಿ ಹಾಕ್ತೀನಿ. ಒಂದು ಸೇರಿಸ್ಕೊಳ್ಳಿ: ಒಮ್ಮೆ ನೆಗೆಟಿವ್ ಬಂದ್ರೆ ಜೀವನಪೂರ್ತಿ ನೆಗೆಟಿವ್ ಅಲ್ಲ. ಆಂಟಿಬಾಡಿ ಆಮೇಲೂ ಹುಟ್ಟಬಹುದು, ಮತ್ತೆ ಯಾವಾಗ ನೋಡ್ತೀರಾ ಅಂತ ಕೇಳಿ. ಪಾಸಿಟಿವ್ ಬಂದ್ರೆ ಬೇರೆ ದಿನ ಇನ್ನೊಂದು ಸ್ಯಾಂಪಲ್‌ನಲ್ಲಿ ಖಚಿತ ಮಾಡ್ಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಮಗಳಿಗೆ ಥೈರಾಯ್ಡ್, ಸೀಲಿಯಾಕ್ ಪರೀಕ್ಷೆ ಆಗಿದೆ ತಾನೇ? ಟೈಪ್ 1 ಜೊತೆ ಅವೆರಡೂ ಬರೋದು ಹೆಚ್ಚು.

ಇಬ್ಬರಮ್ಮ | 3:30
ಮಗಳದ್ದು ವರ್ಷಕ್ಕೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಆಗುತ್ತೆ, ಸೀಲಿಯಾಕ್‌ದೂ ಆಗಿದೆ. ಮಗನ ಪತ್ರ ತೆಗೆದು ಸಂಶಯಪಿಶಾಚಿಯವರ ಪ್ರಶ್ನೆ ಒಂದೊಂದಾಗಿ ಇಟ್ಟು ನೋಡ್ತಿದ್ದೀನಿ. ಫಲಿತಾಂಶ ಹೇಳ್ತಾರೆ, ಬಿಟ್ರೂ ತೊಂದರೆ ಇಲ್ಲ ಅಂತಿದೆ. ಮತ್ತೆ ಯಾವಾಗ ನೋಡ್ತಾರೆ ಅನ್ನೋದು ಇಲ್ಲ, ಕೇಳಬೇಕು. ಕೊನೆ ಪುಟದಲ್ಲಿ "ಉಳಿದ ಮಾದರಿಯನ್ನು ಭವಿಷ್ಯದ ಸಂಶೋಧನೆಗೆ ಬಳಸಲು ಒಪ್ಪಿದ್ದೇನೆ" ಅಂತ ಬೇರೆ ಚೌಕ ಇದೆ. ಅದಕ್ಕೆ ಟಿಕ್ ಮಾಡದೆ ಮಿಕ್ಕಿದ್ದಕ್ಕೆ ಮಾತ್ರ ಸಹಿ ಹಾಕಬಹುದಾ? ಯಜಮಾನರು ಅದೊಂದು ಬಿಟ್ರೆ ಯೋಚನೆ ಮಾಡ್ತೀನಿ ಅಂತಿದ್ದಾರೆ.

ಲ್ಯಾಬ್‌ಮೂಲೆ | 3:34
ಹಾಕಬಹುದು. ಬೇರೆ ಚೌಕ ಕೊಟ್ಟಿರೋದೇ ಅದಕ್ಕೆ. ಖಾಲಿ ಬಿಡಬೇಡಿ, "ಇಲ್ಲ" ಅನ್ನೋದಕ್ಕೆ ಟಿಕ್ ಮಾಡಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಒಂದು ಪ್ರತಿ ಕೇಳಿ ತಗೊಳ್ಳಿ.

ಎತ್ತರಎಷ್ಟು | 3:41
ನನ್ನ ಮಗನ ಮೂಳೆ ಎಕ್ಸ್‌ರೇ ಎಡಗೈದೇ ಆಗಬೇಕಾ? ಅವನು ಎಡಚ.

ಉಪ್ಪುಹುಡುಗಿಅಮ್ಮ | 3:46
ಎಡಚ ಆದ್ರೂ ಎಡಗೈದೇ. ಹೋಲಿಸಿ ನೋಡೋ ಚಿತ್ರಗಳೆಲ್ಲ ಎಡಗೈದೇ ಇರೋದು. ಹೋಗುವಾಗ ಹಿಂದಿನ ಎತ್ತರ, ತೂಕ ಬರೆದಿಟ್ಟಿದ್ದು ಏನಿದ್ರೂ ತಗೊಂಡು ಹೋಗಿ, ಸ್ಕೂಲಲ್ಲಿ ಅಳೆದಿದ್ದಾದ್ರೂ ಪರವಾಗಿಲ್ಲ.